ಆಯಿಯ ಬೆರಳಿಗೆ ಸಿಕ್ಕ ಮನೆ

ಚೀಲದಿಂದ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ನೆಲಕ್ಕೆ ಸುರಿಯುವ ಸದ್ದು ಕಾಳು ಸುರಿದಂತೆಯೂ ಇರುವುದಿಲ್ಲ, ಗಾಜು ಒಡೆದಂತೆಯೂ ಇರುವುದಿಲ್ಲ. ಅದೊಂದು ಒಣ ಸದ್ದು, ಟೊಳ್ಳು ಸದ್ದು. ಕೊನೆಯ ತುಂಡು ಉರುಳಿ ಮಂಚದ ಕೆಳಗೆಲ್ಲೋ ನಿಲ್ಲುವ ತನಕ ಮುಗಿಯುವುದಿಲ್ಲ. ಕುಷ್ಟಗಿಯಲ್ಲಿ ನಾನಿರುವ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಒಂದು ಮಗುವಿದೆ. ನಾನು ದಿನವಿಡೀ ಶಾಲೆಯಲ್ಲಿ ಕೂಗಿ ಪಾಠ ಹೇಳಿ ಗಂಟಲು ಬತ್ತಿ, ಬಸ್ಸಿನಲ್ಲಿ ನಿಂತೇ ಬಂದು, ಗೋಡೆಗೊರಗಿ ಕೂತ ಹೊತ್ತಿಗೆ ಅದು ಚೀಲ ಸುರಿಯುತ್ತದೆ. ಎದ್ದು ದೀಪ ಹಾಕುವಷ್ಟೂ ಕಸುವಿಲ್ಲದ ಆ ಹೊತ್ತಿನಲ್ಲಿ ನನಗೆ ಗಂಗಾವತಿಯ ಮನೆ ನೆನಪಾಗುತ್ತದೆ. ನಿಮಗೂ ಅಂಥದೊಂದು ಸದ್ದು ಇದ್ದೀತು. ಇದ್ದರೆ, ಅದು ಕಿವಿಗೆ ಬಿದ್ದಾಗ ಮಾಡುವ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುವುದೂ ನಿಮಗೆ ಗೊತ್ತಿದ್ದೀತು.

ಆ ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿಯಾದ ಆಯಿ, ಅಪ್ಪನ ತಂಗಿ ಸರೋಜತ್ತೆ ಇದ್ದೆವು. ಸುತ್ತ ಅಕ್ಕಿ ಗಿರಣಿಗಳು. ಒಣಹಾಕಿದ ಬಟ್ಟೆಗೂ ಮಡಚಿಟ್ಟ ಹಾಸಿಗೆಗೂ ತೌಡಿನ ವಾಸನೆ. ಅತ್ತೆ ಒಂದು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಅದು ಮುಚ್ಚಿದಾಗ ಉಳಿದವರು ಕುರ್ಚಿ, ಮೇಜು ಒಯ್ದರು; ಅತ್ತೆ ಯಾರಿಗೂ ಬೇಡವಾದ ಆಟದ ಇಟ್ಟಂಗಿಗಳ ಚೀಲ ಹೊತ್ತು ತಂದಳು. ಬೆರಳುದ್ದದ ಬಣ್ಣಬಣ್ಣದ ತುಂಡುಗಳು, ಮೇಲೆ ಅಂಗಿಯ ಗುಂಡಿಗಳಂಥ ಉಬ್ಬು, ಕೆಳಗೆ ಆ ಉಬ್ಬು ಕೂರುವ ಟೊಳ್ಳು. ಹೀಗೇ ಕಟ್ಟಿ ಎಂದು ಹೇಳುವ ಚಿತ್ರದ ಹಾಳೆ ಎಂದೋ ಕಳೆದುಹೋಗಿತ್ತು. ಅತ್ತೆಗೆ ಅದು ಬೇಕಾಗಿಯೂ ಇರಲಿಲ್ಲ. ಮೇಲಿಂದ ಹಿಡಿ ಅಕ್ಕಿ ಹಾಕಿದರೆ ಕೆಳಗಿನ ಬಾಯಿಂದ ಸುರಿಯುವ ಗಿರಣಿ ಕಟ್ಟಿದಳು. ಸಾಣಾಪುರದ ಕೆರೆಯಲ್ಲಿ ತೇಲುವ ಹರಿಗೋಲು ನೋಡಿ ಬಂದವಳು, ಚೌಕ ಇಟ್ಟಂಗಿಯಿಂದ ದುಂಡನೆಯದು ಹೇಗೆ ಬಂದೀತೆಂದು ಎಷ್ಟೋ ಸಂಜೆ ತಲೆ ಕೆಡಿಸಿಕೊಂಡಳು. ಕೊನೆಗೆ ಸಾಲಿನ ಮೇಲೆ ಸಾಲನ್ನು ಒಂದೊಂದೇ ಗುಂಡಿಯಷ್ಟು ಸರಿಸುತ್ತ ಹೋದಳು. ದೂರದಿಂದ ನೋಡಿದರೆ ದುಂಡಗೇ ಕಂಡಿತು. "ಇಷ್ಟ ದೊಡ್ಡಾಕಿ ಆಗಿ ಹುಡುಗರ ಆಟಾ ಆಡ್ತಾಳ," ಎಂದು ಅವ್ವ ಗೊಣಗಿದರೆ ಆಯಿ, "ಆಡ್ಲಿ ಬಿಡು, ಆಕಿ ಕೈ ಸುಮ್ನ ಕುಂಡ್ರಂಗಿಲ್ಲ," ಎನ್ನುತ್ತಿದ್ದಳು.

ಆಯಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ನರ ಒಣಗಿ ಎರಡೂ ಹೋಗಿದ್ದವು. ಆದರೂ ಆ ಮನೆಯಲ್ಲಿ ಅವಳು ಓಡಾಡುವುದನ್ನು ನೋಡಿದವರು ಅದನ್ನು ನಂಬುತ್ತಿರಲಿಲ್ಲ. ಹೊಸ್ತಿಲಿಗೆ ತಾನಾಗಿ ಕಾಲೆತ್ತುತ್ತಿದ್ದಳು, ತಡಕಾಡದೆ ಗೋಡೆಯ ಗೂಡಿನಿಂದ ಎಲೆಅಡಿಕೆಯ ಡಬ್ಬಿ ತೆಗೆಯುತ್ತಿದ್ದಳು, ಹಿತ್ತಲ ಬಾಗಿಲಲ್ಲಿ ನಿಂತು ಯಾವ ಗಿರಣಿ ಶುರುವಾಯಿತೆಂದು ಹೇಳುತ್ತಿದ್ದಳು. ಆಮೇಲೆ ರಸ್ತೆ ಅಗಲ ಮಾಡಲು ನಮ್ಮ ಸಾಲಿನ ಮನೆಗಳಿಗೆಲ್ಲ ಕೆಂಪು ಗುರುತು ಬಿತ್ತು. ಕೆಡವುವ ದಿನ ಮಷಿನ್ನಿನ ಸದ್ದು ಆಯಿಯ ಕಿವಿಗೆ ಬೀಳುವುದು ಬೇಡವೆಂದು ಅಪ್ಪ ಅವಳನ್ನು ಮರಳಿ ಎಂಬ ಊರಿನ ನೆಂಟರ ಮನೆಗೆ ಕಳಿಸಿದ. ವಾಪಸ್ಸು ಕರೆತಂದದ್ದು ಊರ ಹೊರಗಿನ ಹೊಸ ಬಡಾವಣೆಯ ಬಾಡಿಗೆ ಮನೆಗೆ.

ಬಂದ ಎರಡನೆಯ ದಿನವೇ ಬಚ್ಚಲ ಮೆಟ್ಟಿಲಲ್ಲಿ ಎಡವಿ ಬಿದ್ದಳು. ಎಲುಬು ಮುರಿಯಲಿಲ್ಲ, ಆದರೆ ಧೈರ್ಯ ಹೋಯಿತು. ಮಂಚ ಬಿಟ್ಟು ಇಳಿಯದಾದಳು. ಮಾತು ಕಡಿಮೆಯಾಯಿತು, ತುಟಿ ಬಿರಿಯಿತು. ಇಟ್ಟ ನೀರಿನ ಲೋಟ ಇಟ್ಟಲ್ಲೇ ಇರುವುದನ್ನು ಮೊದಲು ಗಮನಿಸಿದವಳು ಅತ್ತೆ.

"ಯವ್ವಾ, ನೀರ ಯಾಕ ಕುಡಿವಲ್ಲಿ?" ಎಂದು ಕೇಳಿದಳು.

"ಕುಡದ್ರ ಏಳಬೇಕಾಕ್ಕೈತಿ. ಎದ್ರ ಯಾರನ್ನರ ಕರೀಬೇಕು. ಎಷ್ಟಂತ ಕರೀಲಿ," ಎಂದಳು ಆಯಿ.

ಅತ್ತೆ ಚೀಲ ಸುರಿದಳು. ಹಳೆಯದೊಂದು ಅಗಲವಾದ ಹಲಗೆಯ ಮೇಲೆ ನಾವಿದ್ದ ಬಾಡಿಗೆ ಮನೆಯನ್ನೇ ಕಟ್ಟತೊಡಗಿದಳು. ನಾನು ಹೆಜ್ಜೆ ಹಾಕಿ ಕೋಣೆ ಅಳೆದು ಹೇಳುತ್ತಿದ್ದೆ, ಅವಳು ಗೋಡೆ ಎಬ್ಬಿಸುತ್ತಿದ್ದಳು. ಚಾವಣಿ ಇಲ್ಲ, ಒಳಗೆ ಬೆರಳು ಇಳಿಯಬೇಕಲ್ಲ. ಗೋಡೆಗಳ ನೆತ್ತಿಗೆ ಚಪ್ಪಟೆ ತುಂಡು ಕೂರಿಸಿ ನುಣುಪು ಮಾಡಿದಳು, ಮೆಟ್ಟಿಲಿರುವಲ್ಲಿ ಮಾತ್ರ ಗುಂಡಿಗಳನ್ನು ಹಾಗೇ ಬಿಟ್ಟಳು. ಹಲಗೆಯನ್ನು ಆಯಿಯ ತೊಡೆಯ ಮೇಲಿಟ್ಟು ಅವಳ ಕೈಬೆರಳು ಹಿಡಿದುಕೊಂಡಳು. "ಇದು ನಿನ್ನ ಮಂಚ. ಹಿಂಗ ಗ್ವಾಡಿ ಹಿಡದು ನಡಿ. ಗುಂಡಿ ತಾಕ್ತಂದ್ರ ಅಲ್ಲಿ ಮೆಟ್ಲ ಐತಿ, ನಿಲ್ಲು." ಆಯಿಯ ಎರಡು ಬೆರಳು ಕಾಲುಗಳಂತೆ ಮೆಲ್ಲಗೆ ನಡೆದವು, ನಿಂತವು, ಮತ್ತೆ ಮಂಚಕ್ಕೆ ಮರಳಿದವು. "ಬಚ್ಚಲ ಇಷ್ಟ ಸನೇಕ ಐತೇನು?" ಎಂದಳು. "ನಾ ಎಲ್ಲೋ ದೂರ ಐತಿ ಅನ್ಕೊಂಡಿದ್ದೆ." ಕೆಲವು ದಿನ ಹಲಗೆ ಅವಳ ತೊಡೆಯ ಮೇಲೇ ಇತ್ತು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಮಂಚ ಖಾಲಿ. ಗಾಬರಿಯಾಗಿ ನೋಡಿದರೆ ಆಯಿ ಗೋಡೆ ಸವರುತ್ತ ಬಚ್ಚಲಿನಿಂದ ಒಬ್ಬಳೇ ಬರುತ್ತಿದ್ದಳು. ಮಂಚದ ಮೇಲೆ ಕೂತು, ದಣಿವಾರಿಸಿಕೊಂಡು, ಲೋಟದ ನೀರನ್ನು ಪೂರ್ತಿ ಕುಡಿದಳು.

ಅದಾದ ಮೇಲೆ ಹಳೆಯ ಮನೆ ಕಟ್ಟಿಕೊಡು ಎಂದು ಮಗಳನ್ನು ಕೇಳಿದಳು. ಎರಡು ಮನೆಗಾಗುವಷ್ಟು ಇಟ್ಟಂಗಿ ಇರಲಿಲ್ಲ. ಅತ್ತೆ ಹಿಂದೆಮುಂದೆ ನೋಡಿದಳು. "ಈ ಮನಿ ಕಾಲಿಗೆ ರೂಢಿ ಆಗೈತಿ, ಇನ್ನ ಮುರಿ," ಎಂದಳು ಆಯಿ. ಹಳೆಯ ಮನೆ ಎದ್ದದ್ದು ಆಯಿ ಹೇಳಿದಂತೆ. ಗೂಡು ಇನ್ನೂ ಮ್ಯಾಲ, ಕಿಟಕಿ ಆ ಕಡಿ ಅಲ್ಲ ಈ ಕಡಿ, ಎಂದು ಬೆರಳಾಡಿಸಿ ತಿದ್ದುತ್ತಿದ್ದಳು. ಬಣ್ಣದ ಗೊಡವೆ ಅವಳಿಗೆ ಬೇಕಿರಲಿಲ್ಲವಾದ್ದರಿಂದ ಕೈಗೆ ಸಿಕ್ಕ ಬಣ್ಣ ಹಾಕಿದೆವು: ಪಡಸಾಲೆ ಹಳದಿ, ಹಿತ್ತಲ ಗೋಡೆ ಕೆಂಪು, ಕೊನೆಗೆ ಉಳಿದ ನೀಲಿಯಲ್ಲಿ ಅಡುಗೆಮನೆ. ಮುಗಿದ ದಿನ ಆಯಿ ಹಿತ್ತಲ ಬಾಗಿಲಲ್ಲಿ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು.

ಆದರೆ ಆ ಮನೆ ಅವಳ ಕಾಲಿಗಿಳಿಯತೊಡಗಿತು. ಇಲ್ಲದ ಹೊಸ್ತಿಲಿಗೆ ಕಾಲೆತ್ತುವಳು, ಗೂಡಿಲ್ಲದ ಗೋಡೆಗೆ ಕೈ ಚಾಚುವಳು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋಗುತ್ತೇನೆಂದು ನೇರ ನಡೆದು ಗೋಡೆಗೆ ಹಣೆ ಹೊಡೆದುಕೊಂಡಳು. ಅವ್ವ ಅರಿಶಿನ ಮೆತ್ತಿದಳು. ಸಂಜೆ ಆಯಿಯೇ ಹಲಗೆ ತರಿಸಿಕೊಂಡು, ಉಗುರು ತೂರಿಸಿ ಒಂದು ಇಟ್ಟಂಗಿ ಕಿತ್ತಳು.

"ಕೊಡಬೇ, ನಾ ಬಿಚ್ಚತೀನಿ," ಎಂದಳು ಅತ್ತೆ.

"ಬ್ಯಾಡ. ಒಮ್ಮಿ ಮಷಿನ್ನಿನವರು ಕೆಡವಿದ್ರು, ನಾ ಅಲ್ಲಿರಲಿಲ್ಲ. ಈ ಸಲ ನಾನ ತೆಗಿತೀನಿ."

ಒಂದೊಂದೇ ತುಂಡು ತೆಗೆದು ನನ್ನ ಕೈಗೆ ಕೊಡುತ್ತ ಹೋದಳು. "ಇದು ನಾ ಕಾಳ ಇಡತಿದ್ದ ಮೂಲಿ. ಇದು ನಿಮ್ಮಪ್ಪ ಹುಟ್ಟಿದ ಖೋಲಿ. ಇಲ್ಲಿ ನಿಮ್ಮಜ್ಜ ಮಕ್ಕೊಂಡಲ್ಲೇ ಜೀವಾ ಬಿಟ್ಟರು." ಅಡುಗೆಮನೆಯನ್ನು ಕೊನೆಗೆ ಉಳಿಸಿಕೊಂಡಳು. ಅತ್ತೆ ಪಕ್ಕದಲ್ಲಿ ಕೂತು ಮುಖ ಆಚೆ ಮಾಡಿಕೊಂಡಿದ್ದಳು. ಹಲಗೆ ಬರಿದಾದಾಗ ಆಯಿ ಅದರ ಮೇಲೊಮ್ಮೆ ಅಂಗೈ ಸವರಿ, "ಸರೋಜಾ, ಇನ್ನ ಬ್ಯಾರೆ ಏನರ ಕಟ್ಟು," ಎಂದಳು.

ಆಮೇಲೆ ಅವಳು ಎಡವಲಿಲ್ಲ. ಅದೇ ಬಾಡಿಗೆ ಮನೆಯಲ್ಲಿ ತನ್ನ ಕಾಲ ಮೇಲೆ ತಾನು ಓಡಾಡುತ್ತ ಕೆಲವು ವರ್ಷ ಬಾಳಿ ಹೋದಳು. ಆಮೇಲೆ ಅಪ್ಪ, ಅವ್ವ. ಹೋದ ವರ್ಷ ಅತ್ತೆಯೂ. ಹಳೆಯ ಮನೆಯದೊಂದು ಫೋಟೊ ಸಹ ನಮ್ಮಲ್ಲಿಲ್ಲ. ಫೋಟೊ ಎಂದರೆ ಆಗ ಸ್ಟುಡಿಯೋಕ್ಕೆ ಹೋಗಬೇಕಿತ್ತು. ಈಗ ಕಣ್ಣು ಮುಚ್ಚಿದರೆ ನನಗೆ ಕಾಣುವುದು ನೀಲಿ ಅಡುಗೆಮನೆ, ಅದರಲ್ಲಿ ರೊಟ್ಟಿ ಬಡಿಯುತ್ತ ಕೂತ ಅವ್ವ. ಆ ನೀಲಿ ಸುಳ್ಳೆಂದು ಗೊತ್ತು. ನಿಜವಾಗಿ ಆ ಗೋಡೆ ಯಾವ ಬಣ್ಣದ್ದಾಗಿತ್ತೆಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಕೇಳೋಣವೆಂದರೆ, ಅದನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ.