ಕಾಕಾ ಊರಿನವನಾದ ಮೇಲೆ

ಬೂಟ್ ಪಾಲಿಶಿನ ವಾಸನೆ ಬಂದರೆ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ. ನಾನು ಕಲಿಸುವ ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಜನವರಿ ಬಂತೆಂದರೆ ಪರೇಡಿನ ಮಕ್ಕಳು ವರಾಂಡದಲ್ಲಿ ಸಾಲಾಗಿ ಕುಳಿತು ಹಳೆ ಬನಿಯನ್ನಿನ ಚಿಂದಿಯಿಂದ ಬೂಟು ತಿಕ್ಕುತ್ತಾರೆ. ಮೇಣ, ಸೀಮೆಎಣ್ಣೆ ಎರಡೂ ಬೆರೆತಂಥ ಆ ಕರಿ ವಾಸನೆ ಕಿಟಕಿಯಿಂದ ತರಗತಿಯೊಳಗೆ ನುಗ್ಗುತ್ತದೆ. ನಾನು ಪಾಠ ನಿಲ್ಲಿಸಿ ಬೋರ್ಡಿಗೂ ಬಾಗಿಲಿಗೂ ನಡುವೆ ಸುಮ್ಮನೆ ಅಡ್ಡಾಡತೊಡಗುತ್ತೇನೆ. ಆಗ ನನ್ನ ಕಣ್ಣೆದುರು ಬರುವುದು ಮನಗೂಳಿಯ ಆಚೆಗಿದ್ದ ನಮ್ಮ ಹಳ್ಳಿಯ ಮಣ್ಣಿನ ಮಾಳಿಗೆಯ ಮನೆ. ಅದರ ಕಟ್ಟೆಯ ಮೇಲೆ ಲುಂಗಿ ಎತ್ತಿ ಕಟ್ಟಿ, ಎಡಗೈಯನ್ನು ಬೂಟಿನೊಳಗೆ ತೂರಿಸಿ, ಬಾಯಲ್ಲಿ ಏನೋ ಗುನುಗುತ್ತ ಕುಳಿತ ಮಲ್ಲಣ್ಣ ಕಾಕಾ, ಅಪ್ಪನ ತಮ್ಮ.

ಕಾಕಾ ಮಿಲಿಟರಿಯಲ್ಲಿದ್ದ. ರಜೆಗೆ ಬಂದನೆಂದರೆ ತನ್ನ ಬೂಟು ಮುಗಿಸಿ ನನ್ನ ಸಾಲಿಯ ಬೂಟು, ಅಪ್ಪನ ಚಪ್ಪಲಿ, ಕಡೆಗೆ ಮುತ್ಯಾನ, ಅಂದರೆ ಅಜ್ಜನ, ಹೊಲದ ಕೆರವಿಗೂ ಪಾಲಿಶ್ ಬಳಿಯುತ್ತಿದ್ದ. ಎತ್ತುಗಳು ನೋಡಿ ನಗುತ್ತವೆ ಎಂದು ಮುತ್ಯಾ ಬೈಯುತ್ತಿದ್ದ, ಬೈಯುತ್ತಲೇ ಆ ಮಿರುಗುವ ಕೆರವು ಮೆಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಕಾಕಾ ಇದ್ದ ಅಷ್ಟೂ ದಿನ ಮನೆಯ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿಲ್ಲ. ಒಲೆಯ ಮುಂದೆ ಆಯಿ, ನನ್ನ ಅಜ್ಜಿ, ಅವನಿಗೆ ಕಟ್ಟಿಕೊಡಲೆಂದು ಕಟಿ ರೊಟ್ಟಿ ಬಡಿಯುವ ಸದ್ದು, ಒರಳಿನಲ್ಲಿ ಶೇಂಗಾ ಹಿಂಡಿ ಕುಟ್ಟುವ ಸದ್ದು, ಎರಡರ ನಡುವೆ ಅವನ ನಗು. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬಹುದು, ಬಂದರೆ ಮನೆ ದೊಡ್ಡದಾಗುವ, ಹೋದರೆ ಗೋಡೆಗಳು ಹತ್ತಿರ ಸರಿದಂತಾಗುವ ಒಬ್ಬರು.

ಅವನು ಬದುಕಿದ್ದಾಗ ಊರಿಗೆ ಅವನ ನೌಕರಿಯ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಹೊಲ ಮಾಡಲಾಗದವನು ಹೋಗಿ ಸೇರಿಕೊಂಡ ಎನ್ನುತ್ತಿದ್ದರು. ಅವನಿಗೆ ಹೆಣ್ಣು ಹುಡುಕುವಾಗ ಮುತ್ಯಾ ಮುದ್ದೇಬಿಹಾಳದ ಕಡೆ ಸುತ್ತಿ ಸುಸ್ತಾಗಿದ್ದ. ನಾಲತವಾಡದ ಒಂದು ಮನೆಯವರು ಒಪ್ಪಿ, ಎಲೆ ಅಡಿಕೆ ಹಿಡಿಯುವ ಹೊತ್ತಿಗೆ ಹಿಂದೆ ಸರಿದರು. ನಮ್ಮೂರಿನ ಹಿರಿಯ ಶಂಕ್ರಪ್ಪ ಅವರಿಗೆ ಸಂಬಂಧಿಕ. ಮಿಲಿಟರಿಯಾಂವ ಇವತ್ತ ಅದಾನ, ನಾಳಿ ಇಲ್ಲ, ಹುಡಿಗಿ ಗತಿ ಏನು ಎಂದು ಅವನೇ ಹೇಳಿದ್ದನಂತೆ. ಕಡೆಗೆ ಕಾಕಾನನ್ನು ಒಪ್ಪಿ ಬಂದವಳು ಇಂಡಿ ಕಡೆಯ ರೇಣುಕಾ, ನನ್ನ ಚಿಗವ್ವ.

ಚಿಗವ್ವನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಮ್ಮ ಮನೆಯೊಳಗೆ ಫೋನಿನ ರೇಂಜ್ ಸಿಗುತ್ತಿರಲಿಲ್ಲ, ಮಾಳಿಗೆಯ ಮೇಲೆ ಬೆಳಕಿಂಡಿಯ ಪಕ್ಕದಲ್ಲಿ ಮಾತ್ರ ಸಿಗುತ್ತಿತ್ತು. ಕಾಕಾನ ಫೋನು ಯಾವಾಗ ಬರುತ್ತದೆಂದು ಅವನಿಗೇ ಗೊತ್ತಿರುತ್ತಿರಲಿಲ್ಲವಾದ್ದರಿಂದ ಅವಳು ಹಿಟ್ಟಿನ ಕೈಯಲ್ಲೇ ಏಣಿ ಹತ್ತಿ ಇಳಿದು ಮಾಡುತ್ತಿದ್ದಳು. ಮಾಳಿಗೆಯ ಮಣ್ಣಿನ ಮೇಲೆ ಅವಳು ಅತ್ತಿಂದಿತ್ತ ನಡೆದಾಡಿದರೆ ಕೆಳಗೆ ನಮ್ಮ ಊಟದ ತಾಟಿನೊಳಗೆ ಸಣ್ಣಗೆ ಮಣ್ಣು ಉದುರುತ್ತಿತ್ತು. ಆಯಿ ತಾಟಿನ ಮೇಲೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಸುದ್ದಿ ಬಂದದ್ದು ಆ ಫೋನಿಗೆ ಅಲ್ಲ. ತೊಗರಿ ರಾಶಿ ನಡೆದಿತ್ತು, ನಾವೆಲ್ಲ ಹೊಲದಲ್ಲಿದ್ದೆವು. ಬೈಕಿನ ಮೇಲೆ ಇಬ್ಬರು ಪೊಲೀಸರು ಬಂದು ಅಪ್ಪನನ್ನು ಬದುವಿನ ಕಡೆ ಕರೆದೊಯ್ದರು. ಅಪ್ಪ ಅಲ್ಲೇ ಕುಕ್ಕರಿಸಿದ. ಚಿಗವ್ವ ಮನೆಯ ಕಡೆ ಓಡತೊಡಗಿದಳು. ನಾನು ಅವಳ ಹಿಂದೆ ಓಡಿದೆ. ಅವಳು ನೇರ ಮಾಳಿಗೆ ಹತ್ತಿ ಫೋನು ಹಚ್ಚಿದಳು, ಹಚ್ಚುತ್ತಲೇ ಇದ್ದಳು. ಗಡಿಯ ಗುಂಡಿನ ಚಕಮಕಿಯಲ್ಲಿ ಕಾಕಾ ಹೋಗಿಬಿಟ್ಟಿದ್ದ.

ಅವನನ್ನು ಊರಿಗೆ ತಂದ ದಿನ ಬಸವನ ಬಾಗೇವಾಡಿಯಿಂದ ನಮ್ಮೂರ ತನಕ ರಸ್ತೆಯ ಎರಡೂ ಬದಿಗೆ ಜನ. ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ, ನಡೆದುಕೊಂಡು, ಸಿಂದಗಿ ಮುದ್ದೇಬಿಹಾಳದಿಂದಲೂ ಬಂದಿದ್ದರು. ಸಾಲಿಯ ಮಕ್ಕಳ ಕೈಯಲ್ಲಿ ಕಾಗದದ ಬಾವುಟ, ಎಲ್ಲೆಲ್ಲೂ ಜೈಕಾರ. ನಮ್ಮ ಹೊಲದ ಬೇವಿನ ಗಿಡದ ಕೆಳಗೆ, ಹಿರಿಯರ ಪಕ್ಕದಲ್ಲಿ ಮಣ್ಣು ಕೊಡಬೇಕೆಂದು ಮುತ್ಯಾ ಕುಣಿ ತೋಡಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಶಂಕ್ರಪ್ಪ ನಾಲ್ಕು ಜನರೊಂದಿಗೆ ಬಂದು, ಮಲ್ಲಣ್ಣ ಇನ್ನು ನಿಮ್ಮೊಬ್ಬರ ಮಗ ಅಲ್ಲ, ಊರಿನ ಮಗ, ಬಸ್ ಸ್ಟ್ಯಾಂಡಿನ ಹತ್ತಿರ ಎಲ್ಲರ ಕಣ್ಣಿಗೆ ಬೀಳುವಲ್ಲಿ ಆಗಬೇಕು ಎಂದ. ಹಾಗೆ ಹೇಳುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಆ ಅಳು ಸುಳ್ಳಾಗಿರಲಿಲ್ಲ, ಇದನ್ನು ನಾನು ಇವತ್ತೂ ನಂಬುತ್ತೇನೆ. ಮುತ್ಯಾನ ಮೈಯಲ್ಲಿ ಬೇಡವೆನ್ನುವಷ್ಟು ಕಸುವು ಉಳಿದಿರಲಿಲ್ಲ. ಹೊಲದ ಕುಣಿ ಹಾಗೇ ಬಾಯಿ ತೆರೆದುಕೊಂಡು ಉಳಿಯಿತು.

ಪೆಟ್ಟಿಗೆಯ ಮುಚ್ಚಳ ಒಂದಿಷ್ಟು ಸರಿಸಿದಾಗ ಜನ ನುಗ್ಗಿದರು. ಎಲ್ಲರ ಕೈ ಮೇಲೆ, ಕೈಯಲ್ಲಿ ಫೋನು. ಆಯಿಯನ್ನು ಯಾರೋ ಹಿಂದಕ್ಕೆ ತಳ್ಳಿದರು. ಚಿಗವ್ವ ತೋಳುಗಳ ಸಂದಿಯಲ್ಲಿ ತಲೆ ತೂರಿಸಿ ಒಂದು ಗಳಿಗೆ ನೋಡಿದಳು, ಅಷ್ಟರಲ್ಲಿ ಮುಚ್ಚಳ ಮುಚ್ಚಿತು. ಬಂದೂಕಿನ ಸದ್ದಿಗೆ ಊರ ಕಾಗೆಗಳೆಲ್ಲ ಎದ್ದವು. ಒಬ್ಬ ಅಧಿಕಾರಿ ಬಾವುಟವನ್ನು ಮಡಚಿ ಅವಳ ಕೈಯಲ್ಲಿಟ್ಟು ಸೆಲ್ಯೂಟ್ ಹೊಡೆದ.

ಅಲ್ಲಿಂದ ಆಚೆಗೆ ಮನೆಯಲ್ಲಿ ಒಂದು ಬಗೆಯ ಚಡಪಡಿಕೆ ಸೇರಿಕೊಂಡಿತು. ಕಾಕಾನ ಗೋರಿ ಚಹಾದ ಅಂಗಡಿಗೂ ಆಟೋ ನಿಲ್ಲುವ ಜಾಗಕ್ಕೂ ನಡುವೆ ಇತ್ತು. ಚಿಗವ್ವ ಅಲ್ಲಿಗೆ ಹೋದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು, ಬಸ್ಸಿನ ಕಿಟಕಿಯಿಂದ ಜನ ಬಗ್ಗಿ ನೋಡುತ್ತಿದ್ದರು. ಅವಳು ಅಳಲಾರದೆ ತಿರುಗಿ ಬರುತ್ತಿದ್ದಳು. ಆಗಸ್ಟ್ ಹದಿನೈದಕ್ಕೆ, ಜನವರಿ ಇಪ್ಪತ್ತಾರಕ್ಕೆ ಅವಳನ್ನು ವೇದಿಕೆಗೆ ಕರೆದು, ವೀರನ ಹೆಂಡತಿ ಎಂದು ಶಾಲು ಹೊದಿಸುತ್ತಿದ್ದರು. ಒಮ್ಮೆ ನೆಂಟರ ಮದುವೆಯಲ್ಲಿ ಹಸಿರು ಸೀರೆ ಉಟ್ಟು ಯಾವುದೋ ಮಾತಿಗೆ ಜೋರಾಗಿ ನಕ್ಕಳು. ವಾರದೊಳಗೆ ಆ ನಗು ಊರೆಲ್ಲ ಸುತ್ತಿ ನಮ್ಮ ಮನೆಗೆ ವಾಪಸು ಬಂತು. ಆಮೇಲೆ ಅವಳು ಫೋನಿಲ್ಲದೆಯೂ ಮಾಳಿಗೆ ಹತ್ತಿ ನಡೆದಾಡುತ್ತಿದ್ದಳು. ಕೆಳಗೆ ಮಣ್ಣು ಉದುರುತ್ತಿತ್ತು, ಆಯಿ ಈಗ ನಗುತ್ತಿರಲಿಲ್ಲ.

ಮೂರು ವರ್ಷದ ಮೇಲೆ ಚಡಚಣದಿಂದ ಒಂದು ಮಾತು ಬಂತು. ಸಿದರಾಯ ಎಂಬವರು, ದ್ರಾಕ್ಷಿ ತೋಟದವರು, ಹೆಂಡತಿಯನ್ನು ಕಳೆದುಕೊಂಡವರು. ನಮ್ಮಲ್ಲಿ ಗಂಡ ಸತ್ತವಳು ಇನ್ನೊಬ್ಬನ ಕೈ ಹಿಡಿಯುವ ಉಡಕಿ ಹೊಸತೇನಲ್ಲ, ಹಿಂದಿನಿಂದ ನಡೆದು ಬಂದದ್ದು. ಚಿಗವ್ವನನ್ನು ಕೇಳಿದ್ದು ಆಯಿಯೇ. ಬಹಳ ದಿನದ ಮೇಲೆ ಅವಳು ಹ್ಞೂಂ ಎಂದಳು. ಒಳಗಿನ ಆ ಮಾತು ಊರಿಗೆ ತಿಳಿದದ್ದೇ ತಡ, ಎಂದೂ ಉಡಕಿಗೆ ಅಡ್ಡ ಬರದ ಊರು ಇದಕ್ಕೆ ಅಡ್ಡ ಬಂತು. ಬೇರೆಯವರು ಮಾಡಿಕೊಳ್ಳಲಿ, ವೀರನ ಹೆಂಡತಿ ಹೇಗೆ ಮಾಡಿಕೊಳ್ಳುತ್ತಾಳೆ ಎಂದರು. ಒಂದು ಸಂಜೆ ಶಂಕ್ರಪ್ಪ ಹಿರಿಯರನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದ.

"ಹೋಗೂದ ಇದ್ರ ಹೋಗ್ಲಿರಿ. ಬಾವುಟ ಮಾತ್ರ ಊರಿಂದು. ಗಾಜಿನ ಪೆಟಿಗಿ ಮಾಡಿಸಿ ಪಂಚಾಯ್ತ್ಯಾಗ ಇಡ್ತೇವಿ" ಎಂದ.

ಮುತ್ಯಾ ತಲೆ ತಗ್ಗಿಸಿ ಕುಳಿತಿದ್ದ. ಅಡುಗೆಮನೆಯಿಂದ ಚಿಗವ್ವ ಹೊರಗೆ ಬಂದಳು. ಅಷ್ಟು ಗಂಡಸರ ಮುಂದೆ ಅವಳು ನಿಂತು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅವ್ರನ್ನ ಮರೀಲಾಕ ಹೊಂಟಿಲ್ರಿ ನಾ. ನೀವು ನೆನಸೂದು ನೋಡಿ ನೋಡಿ ನನಗ ಉಸರ ಕಟ್ಟೇತಿ. ಅವ್ರ ಮಾರಿ ಸೈತ ನನಗ ಮಂದಿ ಫೋನಿನ ಸಂದ್ಯಾಗ ಕಂಡೈತಿ."

ಮುತ್ಯಾ ಆಗ ತಲೆ ಎತ್ತಿದ.

"ನಮ್ಮವ್ವ ಉಡಕಿ ಆಗಿ ಈ ಮನಿಗಿ ಬಂದಾಕಿ, ಶಂಕ್ರಪ್ಪ. ಅಕಿ ಬರಲಿಲ್ಲಂದ್ರ ನಾನೂ ಇರ್ತಿರಲಿಲ್ಲ, ನನ್ನ ಮಲ್ಲೂನೂ ಇರ್ತಿರಲಿಲ್ಲ. ಮಗನ್ನ ಕೇಳಿದ್ರಿ, ಕೊಟ್ಟೆ. ಸೊಸಿನ್ನ ಕೊಡಾಂವ ಅಲ್ಲ. ಬಾವುಟ ಕೊಟ್ಟವ್ರು ಅಕಿ ಕೈಯಾಗ ಕೊಟ್ಟಾರ."

ಶಂಕ್ರಪ್ಪ ಚಹಾ ಮುಟ್ಟದೆ ಎದ್ದು ಹೋದ. ಉಡಕಿಗೆ ಊರಿನಿಂದ ಯಾರೂ ಬರಲಿಲ್ಲ. ನಾವು ಮನೆಯವರಷ್ಟೇ ಒಂದು ಟೆಂಪೋದಲ್ಲಿ ಚಡಚಣಕ್ಕೆ ಹೋದೆವು. ಆಯಿ ಹೆತ್ತ ಮಗಳಿಗೆ ತುಂಬುವ ಹಾಗೆ ಚಿಗವ್ವನ ಉಡಿ ತುಂಬಿ, ಆ ಮಡಚಿದ ಬಾವುಟವನ್ನು ಅವಳ ಸೀರೆಗಳ ನಡುವೆ ತಾನೇ ಇಟ್ಟಳು. ಮುಂದಿನ ಆಗಸ್ಟಿನಲ್ಲಿ ಊರವರು ಆಯಿಯನ್ನು ವೇದಿಕೆಗೆ ಕರೆದರು. ಅವಳು ಮೊಣಕಾಲು ನೋವೆಂದು ಹೇಳಿ ಹೋಗಲಿಲ್ಲ. ಅದರ ಮುಂದಿನ ವರ್ಷ ಕರೆಯಲೂ ಇಲ್ಲ.

ಈಗ ಆ ಮನೆ ಇಲ್ಲ. ಮುತ್ಯಾ ಹೋದ, ಆಯಿ ಹೋದಳು, ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿಯಿತು, ಅಪ್ಪ ಅಲ್ಲಿ ಸಿಮೆಂಟಿನ ಮನೆ ಕಟ್ಟಿಸಿದ. ಅಪ್ಪ ತಮ್ಮನ ಮಾತೆತ್ತುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಗೋರಿಯ ಕಟ್ಟೆಯ ಮೇಲೆ ಚೀಲ ಇಟ್ಟು ಆಟೋ ಕಾಯುತ್ತಾರೆ. ಅವರ ಮೇಲೆ ಸಿಟ್ಟು ಮಾಡಲೂ ನನಗೆ ಬರುವುದಿಲ್ಲ, ಅವರಲ್ಲಿ ಬಹಳ ಮಂದಿ ಅವನು ಹೋದ ಮೇಲೆ ಹುಟ್ಟಿದವರು.

ಈ ಸಲ ಆ ಪಾಲಿಶಿನ ವಾಸನೆ ತಡೆಯಲಾಗದೆ ಶನಿವಾರ ಸಾಲಿ ಬಿಟ್ಟವಳೇ ಚಡಚಣದ ಬಸ್ಸು ಹತ್ತಿದೆ. ಚಿಗವ್ವನ ತಲೆ ಅರ್ಧ ಬೆಳ್ಳಗಾಗಿದೆ. ತೋಟದ ಬದಿಯ ಮನೆಯಲ್ಲಿ ನನಗೆ ರೊಟ್ಟಿ ಬಡಿದು ಹಾಕುತ್ತ, ನಾನೇನೂ ಕೇಳದಿದ್ದರೂ ಅವಳೇ ಶುರು ಮಾಡಿದಳು. ಅವನು ಹೇಗೆ ಸತ್ತ ಎಂದು ಊರೆಲ್ಲ ಕೇಳಿತಂತೆ, ಹೇಗಿದ್ದ ಎಂದು ಒಬ್ಬರೂ ಕೇಳಲಿಲ್ಲವಂತೆ. ಮದುವೆಯಾದ ಹೊಸದರಲ್ಲಿ ಗೋಡೆಯ ಹಲ್ಲಿಗೆ ಹೆದರಿ ಕಾಕಾ ಹಾಸಿಗೆ ಸುತ್ತಿಕೊಂಡು ಅಂಗಳಕ್ಕೆ ಓಡಿದ್ದನ್ನು ಹೇಳುವಾಗ ಅವಳಿಗೆ ನಗು ತಡೆಯಲಿಲ್ಲ. ಬಂದೂಕು ಹಿಡಿಯುವ ಮನುಷ್ಯ, ಹಲ್ಲಿ ಹೋಯಿತೋ ಇಲ್ಲವೋ ಎಂದು ಬಾಗಿಲ ಹೊರಗಿನಿಂದ ಪಿಸುಗುಟ್ಟಿ ಕೇಳುತ್ತಿದ್ದನಂತೆ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಬಾಗಿಲ ಬಳಿ ದ್ರಾಕ್ಷಿ ಕತ್ತರಿ ಒರೆಸುತ್ತ ಕುಳಿತಿದ್ದ ಸಿದರಾಯ ಕಾಕಾ ಕೈ ನಿಲ್ಲಿಸಿ ಅವಳ ಕಡೆ ನೋಡಿದರು.

"ಆಮ್ಯಾಲ ಒಳಗ ಬಂದ್ರೇನು?" ಎಂದು ಕೇಳಿದರು.

ಚಿಗವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಮುಂದಿನದನ್ನು ಹೇಳತೊಡಗಿದಳು.