ಕಸಬರಿಗೆಯ ಪಾಳಿ

ಕಳೆದ ಶನಿವಾರ ನಲವತ್ತು ಜನರ ಎದುರು ನಿಂತು ನಾನೊಂದು ಹಸಿ ಸುಳ್ಳು ಹೇಳಿದೆ. ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ. (ಗೊತ್ತಿದ್ದರೆ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ ಬಿಡಿ!)

ಆದದ್ದು ಇಷ್ಟು. ಶಹಾಪುರದಲ್ಲಿ ನಾನು ಓದಿದ ಸರಕಾರಿ ಪ್ರಾಥಮಿಕ ಶಾಲೆಯ ಹೆಡ್ ಮೇಡಂ ಫೋನ್ ಮಾಡಿದ್ದರು. ಸುರಪುರದ ಕಡೆಯವರು. ಈ ಶಾಲೆಗೆ ಬಂದು ಇನ್ನೂ ವರ್ಷವಾಗಿಲ್ಲ. ದನಿಯಲ್ಲಿ ಗಾಬರಿಯಿತ್ತು.

"ಸರ, ಸಾಲ್ಯಾಗ ಒಂದು ಪಾಳಿ ಪಟ್ಟಿ ಹಚ್ಚೀನ್ರಿ. ಕಸಾ ಹೊಡಿಯೂದು, ನೀರು ತುಂಬೂದು, ಗಿಡಕ್ಕ ನೀರು ಹಾಕೂದು. ಗಂಡು ಹುಡುಗ್ರು, ಹೆಣ್ಣು ಹುಡುಗ್ಯಾರು ಎಲ್ಲಾರ ಹೆಸರೂ ಅದಾವ. ನಾಲ್ಕನೆತ್ತ ಕಲಿಯೋ ಹುಡುಗನ ಅಪ್ಪ ಒಬ್ಬರು ತಕರಾರು ತಗದಾರ್ರಿ. ಪಟ್ಟಿ ಹರದು ಒಗೀರಿ, ಇಲ್ಲಂದ್ರ ಮ್ಯಾಲಿನವರಿಗೆ ಅರ್ಜಿ ಕೊಡತೀನಿ ಅನ್ನಾಕತ್ತಾರ. ನೀವು ಪೇಪರ್‌ನಾಗ ಬರಿಯೋರು. ಶನಿವಾರ ಮೀಟಿಂಗಿಗಿ ಬಂದು ನಾಲ್ಕು ಮಾತು ಹೇಳ್ರಿ."

ಅರ್ಜಿ ಮೇಲೆ ಹೋದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. 'ಮಕ್ಕಳಿಂದ ಕೆಲಸ ಮಾಡಿಸಿದರು' ಎಂಬ ಒಂದು ಸಾಲು ಸಾಕು. ಮೇಡಂ ಕೈಗೆ ನೋಟಿಸು, ಪಟ್ಟಿ ಬುಟ್ಟಿಗೆ. ಬರುತ್ತೇನೆ ಅಂದೆ. ಓದಿದ ಶಾಲೆಯೇ ಕರೆದರೆ ಯಾರು ತಾನೇ ಒಲ್ಲೆ ಅಂತಾರೆ?

ಯಾದಗಿರಿಯಲ್ಲಿ ಬಸ್ ಹತ್ತಿದೆ. ಭೀಮಾ ಸೇತುವೆ ದಾಟುವಷ್ಟರಲ್ಲಿ ನನಗೆ ಒಂಬತ್ತು ವರ್ಷ. ಮಲಗಿದ ಬುದ್ಧನ ಗುಡ್ಡ ಕಾಣಿಸುವ ಹೊತ್ತಿಗೆ ಪಾಟಿ ಚೀಲ ಹೆಗಲ ಮೇಲಿತ್ತು.

ನಮಗೆ ಸಿದ್ರಾಮಪ್ಪ ಮಾಸ್ತರರಿದ್ದರು. ಧೋತರ, ಕರಿ ಟೋಪಿ, ಜೇಬಿನಲ್ಲಿ ಸದಾ ಒಂದು ಸೂಜಿ ದಾರದ ಉಂಡೆ. ಅಂಗಿಯ ಗುಂಡಿ ಹರಿದು ಬಂದವನಿಗೆ ಬೈಗುಳ ಇರಲಿಲ್ಲ, ಸೂಜಿ ಸಿಗುತ್ತಿತ್ತು. "ಹಚ್ಚಿಕೊಂಡು ಒಳಗ ಬಾ" ಅನ್ನುತ್ತಿದ್ದರು. ಹಗ್ಗಕ್ಕೆ ಗಂಟು ಹಾಕಲು ಕಲಿಸಿದರು, ಹಳೆ ಪುಸ್ತಕಕ್ಕೆ ರಟ್ಟು ಕಟ್ಟಲು ಕಲಿಸಿದರು. ಬೇವಿನ ಮರದ ನೆರಳು ನೋಡಿ ಹೊತ್ತು ಹೇಳಲು ಕಲಿಸಿದರು.

ನೀತಿಪಾಠ? ಅಂಥ ಪಿರಿಯಡ್ ಇರಲೇ ಇಲ್ಲ. ಗೋಡೆಯಲ್ಲಿ ಒಂದು ಗೂಡಿತ್ತು. ಯಾರದೋ ಬಳಪ, ಯಾರದೋ ಜಡೆಯ ಟೇಪು ಸಿಕ್ಕರೆ ಅದರಲ್ಲಿ ಇಡಬೇಕು. ಇಟ್ಟವರು ಯಾರೆಂದು ಮಾಸ್ತರರು ಒಮ್ಮೆಯೂ ಕೇಳಲಿಲ್ಲ, ಶಹಬ್ಬಾಸ್ ಅನ್ನಲೂ ಇಲ್ಲ. ನಾನೊಮ್ಮೆ ಹೊಸ ಪೆನ್ಸಿಲ್ಲೊಂದನ್ನು ಎರಡು ದಿನ ಚೀಲದಲ್ಲಿಟ್ಟುಕೊಂಡು, ಮೂರನೆಯ ದಿನ ಯಾರೂ ಇಲ್ಲದಾಗ ಹೋಗಿ ಗೂಡಿನಲ್ಲಿಟ್ಟು ಬಂದೆ. ಆ ಹಗುರ ಇವತ್ತಿಗೂ ನೆನಪಿದೆ.

ಮತ್ತೆ ಶನಿವಾರ! ಮುಂಜಾನೆಯ ಶಾಲೆ. ಸಗಣಿಯಿಂದ ಸಾರಿಸಿದ ನೆಲ, ಕೂತರೆ ಚಡ್ಡಿಯೊಳಗಿಂದ ಹತ್ತುವ ತಂಪು, ಆ ವಾಸನೆ. ಮೊದಲ ತಾಸು ಮಗ್ಗಿ. ಮೂವತ್ತರ ತನಕ ಈಗಲೂ ನಾನು ತಡವರಿಸುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ನನ್ನ ತುಟಿ ನೋಡಿ ಮಂತ್ರ ಅಂದುಕೊಂಡಿರಬೇಕು. ಹೇಳುತ್ತಿದ್ದದ್ದು ಹತ್ತೊಂಬತ್ತರ ಮಗ್ಗಿ.

ಮೀಟಿಂಗು ನಮ್ಮದೇ ಹಳೆಯ ಕೋಣೆಯಲ್ಲಿತ್ತು. ಈಗ ಟೈಲ್ಸ್ ಹಾಕಿದ್ದಾರೆ. ತಕರಾರಿನ ಅಪ್ಪ ಮುಂದಿನ ಬೆಂಚಿನಲ್ಲೇ ಕೂತಿದ್ದರು. ಪೈಪು, ನಲ್ಲಿ ಮಾರುವ ಅಂಗಡಿಯವರು. ಕೆಟ್ಟ ಮನುಷ್ಯರೇನಲ್ಲ, ಬಂದವನಿಗೆ ಮೊದಲು ನೀರು ಕೊಡಿಸಿದ್ದೇ ಅವರು. ಕೈಯಲ್ಲಿ ಅರ್ಜಿ ರೆಡಿ ಇತ್ತು.

"ನಾವು ಸಾಲಿಗಿ ಕಳ್ಸೂದು ಕಲಿಲಿ ಅಂತ್ರಿ, ಕಸಾ ಹೊಡಿಲಿ ಅಂತಲ್ಲ. ಗಂಡುಮಗನ ಕೈಯಾಗ ಕಸಬರಗಿ ಕೊಟ್ಟಾರ. ಓಣ್ಯಾಗ ಮಂದಿ ನಗಾಕತ್ತಾರ."

ನಾನು ಎದ್ದೆ. ಸಿದ್ರಾಮಪ್ಪ ಮಾಸ್ತರರ ಸೂಜಿ, ಗೂಡು, ನೆರಳು ಎಲ್ಲ ಹೇಳಿದೆ. ಕೊನೆಗೆ ದನಿ ಏರಿಸಿ, "ಇದೇ ಕೋಣೆಯ ಕಸ ಹೊಡೆದು, ಇದೇ ನೆಲ ಸಾರಿಸಿ ದೊಡ್ಡವರಾದವರು ನಾವು!" ಅಂದೆ. ಚಪ್ಪಾಳೆ. ಅಂಗಡಿಯವರೂ ಸ್ವಲ್ಪ ಮೆತ್ತಗಾದರು.

"ಖರೇನ ನೀವ ಹೊಡಿತಿದ್ರೇನ್ರಿ ಸರ?" ಅಂತ ಕೇಳಿದರು.

"ವಾರಕ್ಕೊಮ್ಮೆ ನನ್ನ ಪಾಳಿ ಬರ್ತಿತ್ತು" ಅಂದೆ. ಎದೆ ತಟ್ಟಿಕೊಂಡೇ ಅಂದೆ.

"ಯಾವ ವಾರರಿ?"

ಬಾಗಿಲ ಹತ್ತಿರದಿಂದ ಬಂದ ದನಿ. ಬಿಸಿಯೂಟ ಮಾಡುವ ಹೆಣ್ಣುಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಗುರ್ತು ಹತ್ತಲಿಲ್ಲೇನು? ನಾ ಮಾದೇವಿ. ನಿನ್ನ ಕೂಡ ನಾಲ್ಕನೆತ್ತ ಕಲಿತಾಕಿ." 'ರೀ' ಉದುರಿ ಹೋಗಿತ್ತು. "ನೀ ಎಂದು ಕಸಬರಗಿ ಹಿಡದಿದ್ದೆಪಾ? ನೀ ಗಂಟಿ ಬಾರಸ್ತಿದ್ದಿ. ಕಸಾ ನಾವು ಹುಡುಗ್ಯಾರು ಹೊಡಿತಿದ್ವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

"ಶನಿವಾರ ಸಗಣಿ ಹುಡಕಿ ತರಬೇಕು, ಬಾವಿ ನೀರು ತರಬೇಕು, ಸಾರಸಬೇಕು. ಕೈಕಾಲು ತೊಳಕೊಂಡು ಬಂದು ಕೂಡೂದ್ರಾಗ ಬೇವಿನ ಗಿಡದ ಕೆಳಗ ನಿಮ್ಮ ಮಗ್ಗಿ ಮುಗದಿರ್ತಿದ್ವು. ಮಾಸ್ತರ ಭಾಳ ಚಲೋ ಮನುಷ್ಯಾ. ಆದ್ರ ಅವರಿಗೂ ಹೊಳಿಲಿಲ್ಲ. ಹನ್ನೆರಡರ ಮುಂದ ನನಗ ಇವತ್ತಿಗೂ ಮಗ್ಗಿ ಬರಂಗಿಲ್ಲ."

ಕಣ್ಣು ಮುಚ್ಚಿದರೆ ಕಂಡದ್ದು ಬೇವಿನ ಮರಕ್ಕೆ ತೂಗುಬಿಟ್ಟ ಕಬ್ಬಿಣದ ತುಂಡು, ನನ್ನ ಕೈಯಲ್ಲಿದ್ದ ಸುತ್ತಿಗೆ. ಹೌದು, ಗಂಟೆ ನನ್ನದೇ. ಆ ತಂಪು, ಆ ವಾಸನೆ ನನ್ನ ಪಾಲಿಗೆ ಸುಮ್ಮನೆ ಬಂದಿತ್ತು. ಇಷ್ಟು ವರ್ಷ ಅದರ ಮೇಲೆ ಕೂತು ಕೂತು, ನಾನೇ ಸಾರಿಸಿದ್ದು ಅಂತ ನಂಬಿಬಿಟ್ಟಿದ್ದೆ. ನಾಚಿಕೆಯಾಯಿತು. ಬರೆದುಕೊಳ್ಳಲೂ ನಾಚಿಕೆಯೇ.

ಅಂಗಡಿಯವರು ಎದ್ದು ನಿಂತರು. "ನೋಡ್ರಿ ಮತ್ತ! ಸಾಹೇಬ್ರ ಹೊಡದಿಲ್ಲ. ನನ್ನ ಮಗ ಯಾಕ ಹೊಡೀಬೇಕು?" ಹೆಡ್ ಮೇಡಂ ಮುಖ ಬಾಡಿಹೋಯಿತು. ಪಟ್ಟಿ ಉಳಿಸಲು ಬಂದ ನಾನೇ ಅದನ್ನು ಹರಿದು ಹಾಕಿದಂತಾಯಿತಲ್ಲ!

"ಕೂಡ್ರಿ ಅಣ್ಣಾರ" ಅಂದಳು ಮಾದೇವಿ. "ಪಟ್ಟಿ ತಗೀಬ್ಯಾಡ್ರಿ ಅಂತನ ನಾ ಮಾತಾಡಾಕತ್ತೀನಿ. ನಿಮ್ಮ ದೊಡ್ಡ ಮಗಳು ಇದ ಸಾಲ್ಯಾಗ ಕಲಿತಾಳ. ಪಟ್ಟಿ ಇದ್ದಿದ್ದಿಲ್ಲ. ದಿನಾ ಕಸಾ ಹೊಡಿತಿದ್ಳು. ಆವಾಗ ನೀವು ಅರ್ಜಿ ತಂದಿದ್ದಿಲ್ಲ?"

"ಅಕಿ ಹೆಣ್ಣುಡುಗಿ, ಅದು ಬ್ಯಾರೆ..." ಅಂದವರು ಅರ್ಧಕ್ಕೇ ನಿಂತರು. ಕೋಣೆಯಲ್ಲಿದ್ದವರಲ್ಲಿ ಮುಕ್ಕಾಲು ಪಾಲು ತಾಯಂದಿರು.

ನನಗೆ ಏನನ್ನಿಸಿತೋ, ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡೆ. "ನನ್ನ ಪಾಳಿ ಬಾಕಿ ಅದ" ಅಂದೆ. ಮೇಡಂ "ಬ್ಯಾಡ್ರಿ ಸರ" ಅಂದರು, ಕೇಳಲಿಲ್ಲ. ಎರಡು ಸಲ ಬೀಸಿದೆ. ಧೂಳೆದ್ದು ಮುಂದಿನ ಬೆಂಚಿನವರೆಲ್ಲ ಕೆಮ್ಮತೊಡಗಿದರು.

ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗನೊಬ್ಬ ತಡೆಯಲಾರದೆ ಒಳಗೆ ಓಡಿಬಂದ. "ಅಜ್ಜಾ, ಹಂಗಲ್ರಿ! ಕಸಬರಗಿ ಎತ್ತಿ ಹೊಡೀಬಾರದ್ರಿ, ನೆಲಕ್ಕ ಹಚ್ಚಿ ಎಳೀಬೇಕ್ರಿ. ಮೂಲ್ಯಾಗಿಂದ ಬಾಗಲಾ ಕಡಿ ಬರಬೇಕ್ರಿ." (ಅಜ್ಜ! ಅದೂ ಆಯಿತು.) ನನ್ನ ಕೈಯಿಂದ ಕಸಿದುಕೊಂಡು ಮೂಲೆ ಹಿಡಿದು ಎಳೆದ. ಬೆಂಚಿನ ಕೆಳಗೆ ಬಗ್ಗಿ, ಕಾಲುಗಳ ಸಂದಿಯಲ್ಲಿ ಕೈ ಹಾಕಿ ತೆಗೆದ. ಒಂದು ಕಣ ಧೂಳೇಳಲಿಲ್ಲ. ಅಂಗಡಿಯವರ ಮುಂದೆ ಬಂದು ನಿಂತ.

"ಅಪ್ಪಾ, ಕಾಲು ಎತ್ತು."

ಅಪ್ಪ ಕಾಲೆತ್ತಿದರು.

"ಇಷ್ಟೆಲ್ಲಾ ಯಾವಾಗ ಕಲಿತ್ಯೋ?" ಅಂತ ಕೇಳಿದರು, ಮೆಲ್ಲಗೆ.

"ಮೂರು ಪಾಳಿ ಆತು" ಅಂದ ಹುಡುಗ, ತಲೆ ಎತ್ತದೆ. ಆ ದನಿಯಲ್ಲಿ ಹೆಮ್ಮೆಯಿತ್ತು. ಓಣಿಯವರ ನಗು ಅವನಿಗೆ ತಟ್ಟಿದಂತೆ ಕಾಣಲಿಲ್ಲ.

ಅರ್ಜಿ ಮಡಚಿಕೊಂಡು ಅಂಗಡಿಯವರ ಜೇಬು ಸೇರಿತು. "ನೋಡೂಣ್ರಿ" ಅಂದು ಹೊರಟರು. ನಮ್ಮ ಕಡೆ 'ನೋಡೂಣ' ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಸದ್ಯ ಪಟ್ಟಿ ಗೋಡೆಯ ಮೇಲಿದೆ.

ಎಲ್ಲರೂ ಹೋದ ಮೇಲೆ ಮಾದೇವಿಯ ಹತ್ತಿರ ಹೋಗಿ, "ಮಾಫ್ ಮಾಡವ್ವಾ" ಅಂದೆ.

"ನಿನ್ನ ಮಾಫಿ ತಗೊಂಡು ಏನ್ ಮಾಡ್ಲಿ?" ಅಂದಳು. "ನನ್ನ ಮೊಮ್ಮಗಳು ಇಲ್ಲೇ ಮೂರನೆತ್ತ ಅದಾಳ. ಇವತ್ತ ಮುಂಜಾನಿ ಕಸಾ ಹುಡುಗ್ರು ಹೊಡದ್ರು. ಅಕಿ ಒಳಗ ಕುಂತು ಹದಿಮೂರರ ಮಗ್ಗಿ ಹೇಳಾಕತ್ತಿದ್ಳು. ನಾ ಅಡಗಿ ಖೋಲ್ಯಾಗ ನಿಂತು ಕೇಳಿದೆ. ಅಷ್ಟ ಸಾಕು."

ಮಕ್ಕಳಿಗೆ ಕೌಶಲ ಕಲಿಸಬೇಕು, ಗುಣ ಬೆಳೆಸಬೇಕು ಅಂತ ನಾವೆಲ್ಲ ಭಾಷಣ ಬಿಗಿಯುತ್ತೇವೆ. ನಮ್ಮ ಕಾಲವೇ ಚೆಂದವಿತ್ತು ಅಂತ ನಿಟ್ಟುಸಿರು ಬಿಡುತ್ತೇವೆ. ಚೆಂದವಿತ್ತು, ಸುಳ್ಳಲ್ಲ. ಸಿದ್ರಾಮಪ್ಪ ಮಾಸ್ತರರನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ನಿಮ್ಮ ಶಾಲೆಯ ನೆಲವೂ ತಣ್ಣಗೆ, ಸ್ವಚ್ಛವಾಗಿಯೇ ಇದ್ದಿರಬೇಕು. ಸಾರಿಸಿದವರ ಹೆಸರು ನೆನಪಿದೆಯೇ?