ಅತ್ತೆಗೆ ನೀರು ಕೊಡದ ಸೊಸೆ

ನಮ್ಮತ್ತೆ ಕಮಲಿ ನಮ್ಮೂರು ಬಾಡದಿಂದ ಬುಟ್ಟಿ ಹೊತ್ತು ಹೋಗಿ ಕುಮಟಾ ಪೇಟೆಯಲ್ಲಿ ಮೀನು ಮಾರುವವರು. ಚೌಕಾಸಿಗೆ ನಿಂತವರಿಗೆ ಚೆನ್ನಾಗಿ ಬೈದು, ಕೊನೆಗೆ ಅವರ ಚೀಲಕ್ಕೇ ಮೀನು ಹಾಕಿ ಕಳಿಸುವ ಹೆಂಗಸು. ಮನೆಯಲ್ಲಿ ಆ ಬೈಗುಳಕ್ಕೆ ಸಿಗುತ್ತಿದ್ದವಳು ನಾನು, ಸೊಸೆ ರೇಖಾ. ನಾನೇನು ಬಾಯಿಗೆ ಬೀಗ ಹಾಕಿಕೊಂಡವಳಲ್ಲ, ನಮ್ಮಿಬ್ಬರ ಸಂಸಾರ ಹಾಗೇ ನಡೆದಿತ್ತು.

ಹೋದ ಮಳೆಗಾಲ ಮುಗಿಯುವಾಗ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಚೇತರಿಸಿಕೊಂಡವು. ಆದರೆ ಬಾಯಿ ಒಂದು ಕಡೆ ಜೋತು ಮಾತು ತೊದಲಾಯಿತು, ನೀರು ಕುಡಿದರೆ ಕೆಮ್ಮು ಹತ್ತುತ್ತಿತ್ತು. ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಸುಪ್ರಿಯಾ ಮೇಡಂ ಗಂಟಲ ಮೇಲೆ ಬೆರಳಿಟ್ಟು, ಒಂದೊಂದು ಚಮಚ ನುಂಗಿಸಿ ನೋಡಿ, ನನ್ನನ್ನು ಕೂರಿಸಿಕೊಂಡು ಹೇಳಿದರು. ನುಂಗುವ ಶಕ್ತಿ ಕಮ್ಮಿಯಾಗಿದೆ. ತೆಳ್ಳಗಿನದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಜಾರುತ್ತದೆ, ಅಲ್ಲಿ ನಂಜಾದರೆ ಜೀವಕ್ಕೇ ಅಪಾಯ. ಗಟ್ಟಿ ಅಂಬಲಿ, ಕಿವುಚಿದ ಬಾಳೆಹಣ್ಣು ಅಡ್ಡಿಯಿಲ್ಲ. ನೀರು, ಚಾ, ಗಂಜಿತಿಳಿ, ಎಳನೀರು ಮಾತ್ರ ತಾನು ಹೇಳುವವರೆಗೆ ಹನಿಯೂ ಕೂಡದು.

ನನಗೇನೋ ಅರ್ಥವಾಯಿತು, ಊರಿಗೆ ಅರ್ಥ ಮಾಡಿಸುವವರು ಯಾರು? ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಬರುವವರು ಎಳನೀರು ಹಿಡಿದೇ ಬರುತ್ತಾರೆ. ಕೈಯಾರೆ ಒಂದು ಗುಟುಕು ಕುಡಿಸಿದರೇ ಅವರಿಗೆ ಸಮಾಧಾನ. ನಾನು ಬಾಗಿಲಲ್ಲೇ ಅಡ್ಡ ನಿಂತೆ. ಸೊಸೆ ಅತ್ತೆಗೆ ನೀರೂ ಕೊಡುವುದಿಲ್ಲ ಎಂಬ ಸುದ್ದಿ ಹಿರೇಗುತ್ತಿಯವರೆಗೆ ಮುಟ್ಟಿತು. ಅಲ್ಲಿಂದ ಅತ್ತೆಯ ಅಕ್ಕ ದೇವಿ ದೊಡ್ಡಮ್ಮ ಬಂದು ಅಂಗಳದಲ್ಲೇ ಕೇಳಿದರು:

“ಒಂದು ಗುಟುಕು ನೀರು ಕೊಡೂಕೆ ನಿಂಗೆಂತ ಆತೆ?”

ನನಗೆ ಮೈಯೆಲ್ಲ ಉರಿಯಿತು. ಆದರೂ ಮೇಡಂ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ದೊಡ್ಡಮ್ಮ ತಲೆಯಾಡಿಸಿದರು, ನಾನು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ತಂದ ಎಳನೀರು ಕುಡಿಸಿಯೇಬಿಟ್ಟರು. ಕೆಮ್ಮು, ಜ್ವರ, ಮತ್ತೆ ಆಸ್ಪತ್ರೆ. ಅತ್ತೆ ಉಬ್ಬಸಪಡುತ್ತ ಮಲಗಿದ್ದನ್ನು ನೋಡಿ ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ದೊಡ್ಡಮ್ಮನಿಗೆ ಬೈಯುವ ಮನಸ್ಸೂ ಬರಲಿಲ್ಲ, ಪಾಪ, ಪ್ರೀತಿಯಿಂದಲೇ ಕುಡಿಸಿದ್ದರು.

ಜ್ವರ ಇಳಿದ ಮೇಲೆ ಮೇಡಂ ಕಸರತ್ತು ಶುರು ಮಾಡಿಸಿದರು. ಗಂಟಲು ಬಿಗಿಹಿಡಿದು ಜೋರಾಗಿ ನುಂಗಬೇಕು. ಗದ್ದವನ್ನು ಎದೆಗೆ ತಗ್ಗಿಸಿ ನುಂಗಬೇಕು. ತುಟಿಗೆ ಬಲ ಬರಲು ‘ಪ’, ‘ಬ’ ಹೇಳಿಸಿದರೆ ಅತ್ತೆ ಮುಖ ತಿರುಗಿಸಿಕೊಂಡರು, ಅಂಗನವಾಡಿ ಮಗುವೇ ತಾನು? ಆಗ ಮೇಡಂ ಖಾಲಿ ಬುಟ್ಟಿ ಎದುರಿಗಿಟ್ಟು, ಮೀನು ಮಾರಿ ನೋಡೋಣ ಎಂದರು. ಪಾಪ್ಲೆಟ್, ಬಂಗಡೆ ಎಂದು ಅತ್ತೆ ಶುರು ಮಾಡಿದರು. ಮೇಡಂ ಬೇಕೆಂದೇ ತೀರ ಕಡಿಮೆ ಬೆಲೆಗೆ ಕೇಳಿದರು. ಅತ್ತೆ ಕೊಟ್ಟ ಉತ್ತರ ಬರೆಯುವಂಥದ್ದಲ್ಲ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಮೇಡಂ ನಕ್ಕು ನಕ್ಕು ಸುಸ್ತಾದರು.

ಗಟ್ಟಿಯದ್ದು ದಾಟಿ, ಚಮಚದ ನೀರೂ ದಾಟಿ, ಲೋಟದಲ್ಲಿ ಕುಡಿಸಿ ನೋಡುವ ದಿನ ಬಂತು. ದೊಡ್ಡಮ್ಮನೂ ಜೊತೆಗಿದ್ದರು. ಮೇಡಂ ನೀರು ತುಂಬಿಸಿದ ಕೂಡಲೆ, ಹಿರಿಯಳು ತಾನೆಂದು ಅವರು ಲೋಟಕ್ಕೆ ಕೈಚಾಚಿದರು. ಅತ್ತೆ ಆ ಕೈ ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟರು.

“ರೇಖಾ ಕೊಡ್ಲಿ. ಬೇಡ ಅಂದು ನನ್ನ ಉಳಿಸ್ಕಂಡವ್ಳು ಅವ್ಳೇ.”

ನಾನು ಲೋಟ ಎತ್ತಿ ಅವರ ತುಟಿಗಿಟ್ಟೆ. ಅತ್ತೆ ಗದ್ದ ತಗ್ಗಿಸಿ ಒಂದು ಗುಟುಕು ನುಂಗಿದರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತ ಕೆಮ್ಮಿಗಾಗಿ ಕಾದೆವು, ಬರಲಿಲ್ಲ. ನೀರು ಗಂಟಲಲ್ಲೇ ನಿಂತಿದೆಯೇ ಎಂದು ತಿಳಿಯಲು ಮೇಡಂ ‘ಆ’ ಹೇಳಿಸಿದರು. ಗುಳುಗುಳು ಸದ್ದಿಲ್ಲದ, ಶುದ್ಧ ‘ಆ’. ಇನ್ನು ಹೀಗೇ ಸ್ವಲ್ಪ ಸ್ವಲ್ಪ ಕುಡಿಯಬಹುದು ಎಂದರು. ದೊಡ್ಡಮ್ಮ ಕಣ್ಣೊರೆಸಿಕೊಂಡು ನನ್ನ ಪಕ್ಕಕ್ಕೆ ಬಂದು ಕುಳಿತರು. ಆಮೇಲೆ ಸಣ್ಣ ದನಿಯಲ್ಲಿ, “ನಂಗೂ ಒಂದು ಲೋಟ ನೀರು ಕೊಡೆ, ರೇಖಾ” ಎಂದರು.